ನಾನು ಬರೆದ ಬೈಗುಳ

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಹೆಂಗಸು ಎಂದು ಠಾಣೆಯಲ್ಲಿ ನನಗೆ ಹೆಸರಿತ್ತು. ಇತ್ತು ಅನ್ನುವುದೇನು, ಈಗಲೂ ಇದೆ. ನಿವೃತ್ತಿಯಾಗಿ ಗಜೇಂದ್ರಗಡದಲ್ಲಿ ಮನೆ ಮಾಡಿದ ಮೇಲೂ ಹಾಲು ಹಾಕುವವನಿಂದ ಹಿಡಿದು ಅಳಿಯನವರೆಗೆ ಎಲ್ಲರೂ ನನ್ನ ಬಾಯಿಗೆ ಅಂಜುತ್ತಾರೆ. ರೋಣ, ನರಗುಂದ, ಗಜೇಂದ್ರಗಡ, ಈ ಮೂರು ಊರುಗಳ ನಡುವೆ ಓಡಾಡುತ್ತಲೇ ನನ್ನ ಪೊಲೀಸ್ ನೌಕರಿ ಸವೆಯಿತು. ಈಗ ಹೇಳಹೊರಟದ್ದು ಯಾವ ಊರಿನ ಠಾಣೆಯದು ಎಂದು ಬರೆಯುವುದಿಲ್ಲ. ತಪ್ಪು ನನ್ನದು, ಊರಿನ ಹೆಸರು ಯಾಕೆ ಕೆಡಿಸಲಿ.

ನಾನು ಠಾಣೆಯ ರೈಟರ್ ಆಗಿದ್ದೆ. ಬಂದವರು ಅತ್ತು ಕರೆದು ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಪಿರ್ಯಾದಿ ಮಾಡಿ ಕೊಡುವ ಕೆಲಸ. ಬೆಳವಣಕಿಯ ಶಾಲೆಯಲ್ಲಿ ಕಾಪಿ ಬರೆದು ಬರೆದು ನನ್ನ ಅಕ್ಷರ ದುಂಡಗಾಗಿತ್ತು. ಸಾಹೇಬರು ಹೊಸದಾಗಿ ಬಂದ ಪೇದೆಗಳ ಮುಂದೆ ನನ್ನ ಕಾಗದ ಎತ್ತಿ ಹಿಡಿದು, "ನೋಡ್ರಿ, ಬರದ್ರ ಹಿಂಗ ಬರೀಬೇಕು" ಅನ್ನುತ್ತಿದ್ದರು. ನಾನು ಉಬ್ಬಿ ಹೋಗುತ್ತಿದ್ದೆ.

ಬರೆಯುವುದಕ್ಕೆ ಒಂದು ಪದ್ಧತಿ ಇತ್ತು. ಹೊಡೆದಾಟದ ಪಿರ್ಯಾದಿ ಅಂದರೆ ಒಂದೇ ವಾಕ್ಯ: "ಸದರಿ ಆರೋಪಿತನು ಪಿರ್ಯಾದಿಯ ಮನೆಯ ಮುಂದೆ ಬಂದು, ನಿನ್ನ ಸೊಕ್ಕು ಬಹಳ ಆಗೈತಿ, ಇವತ್ತು ನಿನಗೆ ಜೀವ ಸಹಿತ ಬಿಡೂದಿಲ್ಲ ಅಂತಾ ಅವಾಚ್ಯ ಬೈದಾಡಿ, ಕೈಯಿಂದ ಮೈಕೈಗೆ ಹೊಡೆದು, ಜೀವದ ಧಮಕಿ ಹಾಕಿರುತ್ತಾನೆ." ಬೈದರೆ ಒಂದು ಕಲಂ ಬೀಳುತ್ತದೆ, ಧಮಕಿ ಹಾಕಿದರೆ ಇನ್ನೊಂದು. ಮನೆಯ ಮುಂದೆ ಅಂತ ಬರೆದರೆ ನೋಡಿದವರು ಸಿಗುತ್ತಾರೆ, ಒಳಗೆ ಅಂತ ಬರೆದರೆ ಯಾರು ನೋಡಿದರು ಎಂಬ ಪ್ರಶ್ನೆ ಬರುತ್ತದೆ. ಹೀಗಾಗಿ ಶಿರೋಳದ ಅಣ್ಣತಮ್ಮಂದಿರು ಬದುವಿಗಾಗಿ ಬಡಿದಾಡಿಕೊಳ್ಳಲಿ, ಲಕ್ಕಲಕಟ್ಟಿಯ ಅತ್ತೆ ಸೊಸೆಯರು ಜುಟ್ಟು ಹಿಡಿದು ಜಗ್ಗಾಡಲಿ, ನನ್ನ ಕಾಗದದಲ್ಲಿ ಎಲ್ಲರೂ ಮನೆಯ ಮುಂದೆಯೇ ಬರುತ್ತಿದ್ದರು, ಎಲ್ಲರೂ ಅದೇ ಮಾತು ಬೈಯುತ್ತಿದ್ದರು. ಠಾಣೆಗೆ ಕಂಪ್ಯೂಟರ್ ಬಂದ ಮೇಲೆ ಹುಡುಗರು ಆ ವಾಕ್ಯವನ್ನು ಅದರಲ್ಲಿ ಹಾಕಿಟ್ಟುಕೊಂಡರು. ಹೆಸರೊಂದು ಬದಲಿಸಿದರೆ ಮುಗಿಯಿತು. ನಾನು ಕಲಿಸಿಕೊಟ್ಟದ್ದು ಎಂದು ಆಗ ಹೆಮ್ಮೆಪಟ್ಟಿದ್ದೆ.

ಆಕೆ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ, ಸರಕಾರಿ ದವಾಖಾನೆಯಿಂದ ನೆಟ್ಟಗೆ. ಪಿಂಜಾರರ ಹೆಂಗಸು, ಮೂವತ್ತು ದಾಟಿರಬಹುದು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡನ ಗಾದಿ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಮುಂದೆ ಅಂಗಡಿ, ಹಿಂದೆ ಮನೆ. ಹತ್ತಿ ಹಿಂಜುವ ಯಂತ್ರ ಓಡಿಸುವುದು, ಗಾದಿ ತುಂಬುವುದು, ದಬ್ಬಣದಿಂದ ಹೊಲಿಯುವುದು ಎಲ್ಲ ಅವಳೇ. ಒಬ್ಬಳೇ ಮಗಳು, ಶಾಲೆಗೆ ಹೋಗುತ್ತಿದ್ದಳು. ಮೈದುನನಿಗೆ ಆ ಅಂಗಡಿ ತನಗೆ ಬೇಕು, ಈಕೆ ಮಗಳನ್ನು ಕಟ್ಟಿಕೊಂಡು ತವರಿಗೆ ಹೋಗಬೇಕು. ಓಣಿಗೆಲ್ಲ ಗೊತ್ತಿದ್ದ ತಕರಾರು ಅದು.

ಬಲಗೈ ಮೊಣಕೈವರೆಗೆ ಬ್ಯಾಂಡೇಜಿನಲ್ಲಿತ್ತು. ನಾಲ್ಕು ಬೆರಳು ಮುರಿದಿದ್ದವು. ಕುರ್ಚಿ ಕೊಟ್ಟೆ, ನೀರು ಕೊಟ್ಟೆ. "ಏನಾತು ಹೇಳವಾ" ಅಂದೆ.

"ನನ್ನ ಮೈದುನ ಹಿತ್ತಲ ಬಾಗಲದಿಂದ ಬಂದ ರೀ ಅಕ್ಕಾರ. ನಾ ಕೌದಿ ಹೊಲಿಯಾಕತ್ತಿದ್ದೆ. ಕೈಸನ್ನಿ ಮಾಡಿ ನೀರ ಕೇಳಿದ. ತಂದ ಕೊಟ್ಟೆ. ಕುಡದ. ತಂಬಗಿ ಇದ್ದ ಜಾಗಾದಾಗ ಇಟ್ಟ. ಆಮ್ಯಾಲೆ ಚಿಲಕ ಹಾಕಿದ. ಗಾದಿ ಬಡಿಯೂ ಬಡಗಿ ಇತ್ತಲ್ರಿ, ಅದನ್ನ ತಗೊಂಡ. ನನ್ನ ಕೈ ಹಿಡದು ಕುಂದ್ರೂ ಮಣಿ ಮ್ಯಾಲೆ ಇಟ್ಟ. ಮೂರ ಸಲ ಹೊಡದ. ಬಡಗಿ ಎಲ್ಲಿತ್ತೋ ಅಲ್ಲೇ ಇಟ್ಟು ಹೋದ."

"ಏನಂತ ಬೈದಾ?"

"ಒಂದ ಮಾತ ಆಡಲಿಲ್ಲ ರೀ. ಬೈದಿದ್ರ ನನಗ ತಿಳೀತಿತ್ತು. ಓಡಿ ಹೋಗ್ತಿದ್ದೆ."

ಇದನ್ನು ಹೇಳುವಾಗ ಆಕೆ ಅಳಲಿಲ್ಲ. ಇಷ್ಟು ವರ್ಷದಲ್ಲಿ ಎಂಥೆಂಥ ಹೊಡೆದಾಟ ಕೇಳಿದ್ದೆ, ಇಂಥ ಸುಮ್ಮನಿದ್ದು ಹೊಡೆದದ್ದನ್ನು ಕೇಳಿರಲಿಲ್ಲ. ಆದರೆ ಪೆನ್ನು ಹಿಡಿದ ಮೇಲೆ ಕೈ ತನ್ನ ಹಾದಿ ಹಿಡಿಯಿತು. "ಪಿರ್ಯಾದಿಯ ಅಂಗಡಿಯ ಮುಂದೆ ಬಂದು, ನಿನ್ನ ಸೊಕ್ಕು ಬಹಳ ಆಗೈತಿ..." ಎಂದು ಬರೆದೆ. ಬಡಿಗೆಯಿಂದ ಬಲಗೈಗೆ ಹೊಡೆದು ಎಂಬುದನ್ನು ನಡುವೆ ಸೇರಿಸಿದೆ. ಕೇಸು ಗಟ್ಟಿಯಾಗಲಿ ಎಂದೇ ಹಾಗೆ ಬರೆದದ್ದು. ಆಕೆಗೆ ಒಳ್ಳೆಯದೇ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಓದಿ ಹೇಳಬೇಕಾಗಿತ್ತು, ಹೇಳಲಿಲ್ಲ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಸಹಿ ಬರುತ್ತಿದ್ದ ಹೆಂಗಸು ಎಡಗೈ ಹೆಬ್ಬೆಟ್ಟು ಒತ್ತಿ ಹೋದಳು. ಮರುದಿನ ಪಂಚನಾಮೆಯೂ ಅಂಗಡಿಯ ಮುಂದಿನ ಜಾಗದ್ದೇ ಆಯಿತು. ಮೊದಲ ಕಾಗದ ಎಲ್ಲಿ ನಿಂತಿತೋ ಉಳಿದ ಕಾಗದಗಳೆಲ್ಲ ಅಲ್ಲೇ ಬಂದು ನಿಂತವು.

ಮೈದುನನನ್ನು ಹಿಡಿದು ತಂದರು. ಅಂಗಿ ಇಸ್ತ್ರಿ ಮಾಡಿದ್ದು, ತಲೆ ಬಾಚಿದ್ದು. ನೋಡಿದರೆ ಯಾರದೋ ಮದುವೆಗೆ ಹೊರಟವನ ಹಾಗೆ ಇದ್ದ. ಪಿರ್ಯಾದಿಯಲ್ಲಿ ಏನಿದೆ ಎಂದು ಕೇಳಿಸಿಕೊಂಡು ನನ್ನ ಮೇಜಿನ ಹತ್ತಿರ ಬಂದ.

"ಹೊಡದೀನ್ರಿ ಅಕ್ಕಾರ, ನಿಮ್ಮ ಮುಂದ ಇಲ್ಲ ಅನ್ನೂದಿಲ್ಲ. ಆದ್ರ ನಾ ಬೈದಿಲ್ಲ. ಬಾಯಿನ ತಗದಿಲ್ಲ. ಅದು ತಪ್ಪ ಬರದೀರಿ."

ನನ್ನ ಪಿತ್ತ ನೆತ್ತಿಗೇರಿತು. "ಬಾಯಿ ಮುಚ್ಚ! ಹೆಣ್ಮಗಳ ಕೈ ಮುರದಾಂವ, ಬೈದಿಲ್ಲಂತ! ಏನ ಸಾಧು ಮನಷ್ಯಾನಪಾ ನೀನು!" ಅಂದೆ. ಠಾಣೆಯೆಲ್ಲ ನಕ್ಕಿತು. ಅವನೂ ಸಣ್ಣಗೆ ನಕ್ಕ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ, ಅದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೆ ಹೊಡೆದವನು ಮತ್ತು ಹೊಡೆಸಿಕೊಂಡವಳು ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರಲ್ಲ, ಬರೆದ ನಾನೊಬ್ಬಳೇ ಬೇರೆ ಹೇಳುತ್ತಿದ್ದೇನಲ್ಲ ಎಂದು ಆ ಹೊತ್ತಿಗೆ ಹೊಳೆಯಬೇಕಾಗಿತ್ತು. ಹೊಳೆಯಿತೋ ಏನೋ. ಹೊಳೆದರೂ ನಾನು ನುಂಗಿಕೊಂಡೆ.

ಅವನು ಜಾಮೀನಿನ ಮೇಲೆ ಹೊರಗೆ ಬಂದ. ಕೋರ್ಟಿನ ಭಯಕ್ಕೆ ಅಂಗಡಿಯ ಕಡೆ ಸುಳಿಯುತ್ತಿರಲಿಲ್ಲ. ಕೇಸು ನಡೆದಷ್ಟು ದಿನ ಆಕೆ ಅಲ್ಲೇ ಇದ್ದಳು. ಒಬ್ಬ ಆಳನ್ನಿಟ್ಟುಕೊಂಡು ಹೇಗೋ ಯಂತ್ರ ಓಡಿಸಿದಳು. ಬೆರಳು ಕೂಡಿದವು, ಆದರೆ ಮಡಚಲು ಬರುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕರೆ, "ಅವಂಗ ಶಿಕ್ಷಾ ಆದ್ರ ಸಾಕ್ರಿ ಅಕ್ಕಾರ, ನಾನೂ ನನ್ನ ಮಗಳೂ ಈ ಮನ್ಯಾಗ ಬಾಳೇ ಮಾಡ್ತೀವಿ" ಅನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ಅಷ್ಟೇ: ಆ ಮನೆ, ಆ ಬಾಗಿಲು, ಮತ್ತೆ ಅವನು ಒಳಗೆ ಬಾರದ ಹಾಗೆ ಕೋರ್ಟಿನ ಒಂದು ಮಾತು.

ಸಾಕ್ಷಿಯ ದಿನ ಬಂತು. ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ ನಮ್ಮ ಪೇದೆ ಆಕೆಗೆ ಪಿರ್ಯಾದಿ ಓದಿ ಹೇಳಿದ. ಅದನ್ನು ಆಕೆ ಕೇಳಿದ್ದು ಅದೇ ಮೊದಲು. ಕೇಳಿದವಳೇ ನನ್ನ ಹತ್ತಿರ ಓಡಿ ಬಂದಳು.

"ಅಕ್ಕಾರ, ಇದರಾಗ ಏನೋ ಬ್ಯಾರೆ ಐತ್ರಿ. ಅಂಗಡಿ ಮುಂದ ಅಂತ, ಬೈದಾನ ಅಂತ. ನಾ ಹಿಂಗ ಹೇಳಿಲ್ಲಲ್ರಿ."

"ಬರಿಯೂದ ಹಂಗ ಇರ್ತೈತವಾ. ಕೇಳಿದ್ರ ಹೌದ್ರಿ ಅನ್ನು. ಮುಗೀತು."

"ಆಣಿ ಮಾಡಿಸ್ತಾರಂತಲ್ರಿ?"

"ಎಲ್ಲಾರೂ ಮಾಡ್ತಾರ. ನಿಂದೇನ ದೊಡ್ಡ ಆಣಿ?"

ಹೀಗೆ ಅಂದೆ. ಈ ನಾಲಗೆಯಿಂದಲೇ ಅಂದೆ. ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.

ಬಾಗಿಲ ಹೊರಗೆ ನಿಂತವರಿಗೆ ಒಳಗಿನ ಮಾತು ಕೇಳುತ್ತಿತ್ತು. ಅವನ ವಕೀಲರು ಬಹಳ ಸಮಾಧಾನದ ಮನುಷ್ಯ, ಮನೆಯ ಹೆಣ್ಣುಮಗಳನ್ನು ಮಾತಾಡಿಸಿದ ಹಾಗೆ ಕೇಳಿದರು.

"ಅಂಗಡಿ ಮುಂದ ಬಂದು ಬೈದಾನೇನವಾ?"

"ಇಲ್ರಿ."

"ಜೀವ ಸಹಿತ ಬಿಡೂದಿಲ್ಲ ಅಂದಾನ?"

"ಇಲ್ರಿ. ಏನೂ ಅಂದಿಲ್ಲ."

"ಹಂಗಾರ ಈ ಪಿರ್ಯಾದಿ ಸುಳ್ಳು?"

"ಹೊಡದದ್ದ ಖರೇ ರೀ ಸಾಹೇಬ್ರ. ಒಳಗ ಹೊಡದಾನ. ಬೈದದ್ದ ಸುಳ್ಳು."

ನಮ್ಮ ಪೇದೆ ಹಣೆ ಚಚ್ಚಿಕೊಂಡ. "ಕೆಡಿಸಿದ್ಲ ನೋಡ್ರಿ ಮೇಡಂ" ಅಂದ. ವಕೀಲರು ಮುಂದೆ ಹೇಳಿದ್ದು ಇಷ್ಟೇ: ಯಾರೂ ಹೊಡೆದಿಲ್ಲ, ಕೈ ಹತ್ತಿ ಹಿಂಜುವ ಯಂತ್ರಕ್ಕೆ ಸಿಕ್ಕಿದೆ, ಅಂಗಡಿಯ ಆಸೆಗೆ ಮೈದುನನ ಮೇಲೆ ಸುಳ್ಳು ಕೇಸು. ಬೆರಳಿಗೆ ಪೆಟ್ಟು ಬಿದ್ದದ್ದು ಯಂತ್ರದಿಂದಲೂ ಆಗಬಹುದು ಎಂದು ಡಾಕ್ಟರರೂ ಒಪ್ಪಿಕೊಂಡರು. ಆಗಬಹುದು ಅಂದರೆ ಆಗಬಹುದೇ, ಅವರು ಸುಳ್ಳು ಹೇಳಲಿಲ್ಲ.

ನನ್ನ ಸಾಕ್ಷಿಗೆ ಮುಂದಿನ ತಾರೀಕು ಬಿತ್ತು. ನಡುವೆ ಒಂದು ತಿಂಗಳು. ಒಂದು ಗಳಿಗೆಯಲ್ಲಿ ಬಾಯಿ ತಪ್ಪಿ ಏನೋ ಅಂದುಬಿಟ್ಟೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ ನನಗೆ. ಒಂದು ತಿಂಗಳು ಪೂರ್ತಿ ಯೋಚನೆ ಮಾಡಿದ್ದೇನೆ. ರೊಟ್ಟಿ ಬಡಿಯುವಾಗ ಯೋಚನೆ, ಬಸ್ಸಿನಲ್ಲಿ ಯೋಚನೆ. ಆ ಮಾತು ಆಕೆ ಹೇಳಿಲ್ಲ, ನಾನೇ ರೂಢಿಯ ಮೇಲೆ ಸೇರಿಸಿದ್ದು ಎಂದು ನಾನು ಒಪ್ಪಿಕೊಂಡರೆ ಕೋರ್ಟು ಆಕೆಯ ಮಾತು ನಂಬುತ್ತಿತ್ತೋ ಇಲ್ಲವೋ ಹೇಳಲಾರೆ. ನಂಬಲಿಕ್ಕೆ ಒಂದು ಕಾರಣವಾದರೂ ಸಿಗುತ್ತಿತ್ತು. ಆದರೆ ನನ್ನ ಮೇಲೆ ಇಲಾಖೆಯ ವಿಚಾರಣೆ ಖಂಡಿತ. ಆ ವರ್ಷವೇ ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತು, ಭುಜದ ಮೇಲೆ ಒಂದು ನಕ್ಷತ್ರ ಬರುವುದಿತ್ತು. ಹೆಣ್ಣು ಪೇದೆಯಾಗಿ ಸೇರಿ, ಬಂದೋಬಸ್ತಿನಲ್ಲಿ ಬಿಸಿಲಿಗೆ ನಿಂತು ನಿಂತು ಪಾದ ಒಡೆದುಕೊಂಡವಳಿಗೆ ಆ ನಕ್ಷತ್ರ ಏನೆಂಬುದು ಬೇರೆಯವರಿಗೆ ತಿಳಿಯದು. ಹೀಗೆ ಹೇಳಿ ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಆ ದಿನ ಆಕೆ ಬರಬೇಕೆಂದೇನೂ ಇರಲಿಲ್ಲ. ಬಂದಿದ್ದಳು. ಹಿಂದಿನ ಬಾಕಿನ ಮೇಲೆ ಕೂತಿದ್ದಳು. ನಾನು ಬಂದದ್ದನ್ನು ಕಂಡು ಮುಖ ಅರಳಿಸಿದಳು. ಅಕ್ಕ ಬಂದಳು, ಇನ್ನು ಸರಿಹೋಗುತ್ತದೆ ಎನ್ನುವ ಹಾಗೆ. ನಾನು ಕಟಕಟೆ ಹತ್ತಿದೆ. ಪ್ರಮಾಣ ಮಾಡಿದೆ.

"ಪಿರ್ಯಾದಿದಾರಳು ಹೇಳಿದ್ದಕ್ಕಿಂತ ಹೆಚ್ಚಿಗಿ ನೀವು ಏನರೆ ಸೇರಿಸಿ ಬರದೀರೇನ್ರಿ?" ವಕೀಲರು ಕೇಳಿದರು.

"ಇಲ್ರಿ. ಆಕಿ ಹೇಳಿದಂಗ ಬರದೀನಿ. ಓದಿ ಹೇಳೀನಿ. ಬರೋಬ್ಬರಿ ಐತಿ ಅಂತ ಹೆಬ್ಬಟ್ಟ ಒತ್ತ್ಯಾಳ."

ಧ್ವನಿ ನಡುಗಲಿಲ್ಲ. ಕಟಕಟೆಯಲ್ಲಿ ನಿಂತು ರೂಢಿಯಾದವರ ಧ್ವನಿ ನಡುಗುವುದಿಲ್ಲ. ಇಳಿದು ಬರುವಾಗ ಹಿಂದಿನ ಬಾಕಿನ ಕಡೆ ನೋಡಲಿಲ್ಲ.

ಸಂಶಯದ ಲಾಭ ಕೊಟ್ಟು ಅವನನ್ನು ಬಿಡುಗಡೆ ಮಾಡಿದರು. ಮೂರನೆಯ ದಿನ ಪೇಢೆಯ ಡಬ್ಬಿ ಹಿಡಿದುಕೊಂಡು ಠಾಣೆಗೇ ಬಂದ. ಅದೇ ಇಸ್ತ್ರಿಯ ಅಂಗಿ.

"ನಿಮ್ಮ ಉಪಕಾರ ಮರಿಯೂದಿಲ್ಲ ಅಕ್ಕಾರ. ನೀವು ಬರದಿದ್ದಕ್ಕ ಬದಕಿದೆ."

ಡಬ್ಬಿಯನ್ನು ಕಿತ್ತುಕೊಂಡು ಅಂಗಳಕ್ಕೆ ಬೀಸಿ ಒಗೆದೆ. "ಹೊರಗ ನಡೀ, ಇಲ್ಲಾಂದ್ರ ಒದ್ದ ಹಾಕತೇನಿ!" ಎಂದು ಕೂಗಾಡಿದೆ. ಎಲ್ಲರೂ ನನ್ನ ಸಿಟ್ಟು ಮೆಚ್ಚಿದರು. ಮೇಡಂ ಭಾಳ ಖಡಕ್ ಅಂದರು. ಕಟಕಟೆಯಲ್ಲಿ ಬಾರದ ಸಿಟ್ಟು ಪೇಢೆಯ ಮೇಲೆ ಬಂತು, ಅಷ್ಟೇ. ಅವನು ಧೂಳು ಹತ್ತದ ಎರಡು ಪೇಢೆ ಆರಿಸಿಕೊಂಡು ಹೊರಟು ಹೋದ. ವಾರ ತುಂಬುವುದರೊಳಗೆ ಆಕೆ ಅವನಿಗೆ ಅಂಜಿ ಮಗಳನ್ನು ಕರೆದುಕೊಂಡು ನರಗುಂದದಲ್ಲಿದ್ದ ಅಕ್ಕನ ಮನೆಗೆ ಹೋದಳೆಂದು ಕೇಳಿದೆ. ಅಂಗಡಿಯ ಬಾಗಿಲು ತೆರೆದೇ ಇತ್ತು, ಗಲ್ಲಾಪೆಟ್ಟಿಗೆಯ ಮುಂದೆ ಅವನು ಕೂತಿದ್ದ. ನನಗೆ ನಕ್ಷತ್ರ ಬಂತು.

ನೌಕರಿಯಲ್ಲಿದ್ದಷ್ಟು ದಿನ ಒಂದರ ಮೇಲೊಂದು ಕೇಸು ಬಿದ್ದು ಹಿಂದಿನದು ಮರೆಯಾಗುತ್ತದೆ. ನಿವೃತ್ತಿಯಾದವರಿಗೆ ಆ ಸೌಕರ್ಯ ಇಲ್ಲ. ಸಂಜೆ ಮನೆಯ ಮುಂದೆ ಗುಡ್ಡದ ಮೇಲಿನ ಗಾಳಿಯಂತ್ರ ತಿರುಗುವುದನ್ನು ನೋಡುತ್ತ ಕೂತರೆ ಬೇಡವಾದದ್ದೇ ತಲೆಯಲ್ಲಿ ತಿರುಗುತ್ತಿತ್ತು. ಕೊನೆಗೆ ಹೋದ ಚಳಿಗಾಲದಲ್ಲಿ ಹಳೆಯ ಪೇದೆಯೊಬ್ಬನನ್ನು ಕೇಳಿ ಆಕೆಯ ಓಣಿ ತಿಳಿದುಕೊಂಡೆ. ರೋಣದಲ್ಲಿ ಬಸ್ಸು ಬದಲಿಸಿ ನರಗುಂದಕ್ಕೆ ಹೋದೆ. ದಾರಿಯುದ್ದಕ್ಕೂ ಒಂದೇ ವಾಕ್ಯ ಬಾಯಿಪಾಠ ಮಾಡುತ್ತಿದ್ದೆ: ತಂಗೆವ್ವ, ಕೋರ್ಟಿನ್ಯಾಗ ನಾ ಸುಳ್ಳ ಹೇಳಿದೆ.

ಗುಡ್ಡದ ಬುಡದ ಓಣಿಯಲ್ಲಿ ಎರಡು ಕೋಣೆಯ ಮನೆ. ಆಕೆ ಹೊಸ್ತಿಲ ಬಳಿ ಬಿಸಿಲಿಗೆ ಕೂತು ಕೌದಿ ಹೊಲಿಯುತ್ತಿದ್ದಳು, ಎಡಗೈಯಿಂದ. ಗುರುತು ಹಿಡಿದವಳೇ ಗಡಬಡಿಸಿ ಎದ್ದಳು. "ಬರ್ರಿ ಅಕ್ಕಾರ, ಬರ್ರಿ, ಒಳಗ ಬರ್ರಿ" ಎಂದು ಚಾಪೆ ಹಾಸಿದಳು. ನಾನು ಬಾಯಿ ತೆರೆಯುವುದರೊಳಗೆ ಅವಳೇ ನನ್ನ ಕೈ ಹಿಡಿದುಕೊಂಡಳು.

"ನಿಮ್ಮನ್ನ ಒಂದ ಸಲ ನೋಡಬೇಕು ಅನ್ಕೊಂಡಿದ್ನ್ರಿ. ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೋರಿ. ನೀವು ಅಷ್ಟ ಚಲೋ ಬರದ ಕೊಟ್ಟಿದ್ರಿ, ನಾ ಕೆಡಿಸಿದೆ."

"ಏನ ಅಂತೀಯವಾ ನೀನು?"

"ಮೊದಲ ನನಗ ಖಾತ್ರಿ ಇತ್ರಿ, ಅಂವ ಬೈದಿಲ್ಲ ಅಂತ. ನೀವು ಕಟಕಟ್ಯಾಗ ನಿಂತು ಆಣಿ ಮಾಡಿ, ಆಕೀನ ಹೇಳ್ಯಾಳ ಅಂದ ಮ್ಯಾಲೆ ವಿಚಾರ ಮಾಡಿದೆ. ನೀವ್ಯಾಕ ಸುಳ್ಳ ಹೇಳ್ತೀರಿ? ಕೈ ನೋವಿನ್ಯಾಗ ನಾನ ಹಂಗ ಹೇಳಿದ್ನೋ ಏನೋ, ನೀವು ಓದಿದ್ದ ನನಗ ಕೇಳಲಿಲ್ಲೋ ಏನೋ. ಅಂವ ಬೈದಿದ್ದನೋ ಏನೋ. ಈಗ ನನಗ ನೆಪ್ಪ ಬರೂದಿಲ್ರಿ. ನನ್ನ ಮಗಳು ಇವತ್ತಿಗೂ ಅಂತಾಳ, ಅವ್ವಾ, ನಿನ್ನ ಬಾಯಿಂದನ ಮನಿ ಹೋತು ಅಂತ."

ನಾನು ಆಕೆಯ ಮನೆ ಕಳೆದೆ ಎಂದಷ್ಟೇ ಲೆಕ್ಕ ಹಿಡಿದು ಹೋಗಿದ್ದೆ. ಮೂರು ಏಟಿನ ಆ ಮಧ್ಯಾಹ್ನದ ನೆನಪು, ಅದು ಆಕೆಯ ಸ್ವಂತದ್ದು, ಅದನ್ನೂ ಕಸಿದುಕೊಂಡಿದ್ದೆ. ಬಾಯಿಪಾಠ ಮಾಡಿದ ವಾಕ್ಯ ಎಲ್ಲಿ ಹೋಯಿತೋ. ತೊದಲುತ್ತ ಹೇಳಿದೆ: "ನೀ ಹೇಳಿಲ್ಲವಾ. ಅಂವ ಬೈದಿಲ್ಲ. ಒಂದ ಮಾತ ಆಡಲಿಲ್ಲ ಅಂತನ ನೀ ಹೇಳಿದ್ದಿ. ಬೈಗಳಾ ಬರದಾಕಿ ನಾನು. ಎಲ್ಲಾರ ಪಿರ್ಯಾದಿಯಾಗೂ ಅದನ್ನ ಬರೀತಿದ್ದೆ. ಕೋರ್ಟಿನ್ಯಾಗ ಸುಳ್ಳ ಹೇಳಿದ್ದೂ ನಾನ."

ಆಕೆ ನನ್ನ ಕೈ ಬಿಟ್ಟಳು. ಆಮೇಲೆ ಒಳಕೋಣೆಯ ಕಡೆ ತಿರುಗಿ ಮಗಳನ್ನು ಕರೆದಳು. ಕಾಲೇಜಿಗೆ ಹೋಗುವ ಹುಡುಗಿ, ಕೈಯಲ್ಲಿ ಪುಸ್ತಕ ಹಿಡಿದೇ ಬಂದು ಬಾಗಿಲಲ್ಲಿ ನಿಂತಳು.

"ಈಗ ಹೇಳಿದ್ದನ್ನ ಆಕಿ ಮುಂದ ಇನ್ನೊಂದ ಸಲ ಹೇಳ್ರಿ ಅಕ್ಕಾರ" ಅಂದಳು ತಾಯಿ.

ಹೇಳಿದೆ. ಮೊದಲಿನಿಂದ ಹೇಳಿದೆ, ಬೇವಿನ ಗಿಡದ ಕೆಳಗೆ ಅಂದದ್ದನ್ನೂ ಬಿಡಲಿಲ್ಲ. ಹುಡುಗಿ ನಡುವೆ ಬಾಯಿ ಹಾಕದೆ ಕೇಳಿದಳು. ಮುಗಿದ ಮೇಲೆ, "ಆವತ್ತ ಕೋರ್ಟಿನ್ಯಾಗ ಯಾಕ ಹೇಳಲಿಲ್ರಿ?" ಎಂದಳು.

"ನನ್ನ ನೌಕರಿಗೆ ಸಂಚಕಾರ ಬರತಿತ್ತವಾ."

"ನಮ್ಮವ್ವನ ಕೈನ ಹೋಗಿತ್ತು. ಮನಿ ಹೋಗೂದಿತ್ತು. ಆದ್ರೂ ಆಕಿ ಖರೇನ ಹೇಳಿದ್ಲಲ್ರಿ."

ಹುಡುಗಿ ಮತ್ತೆ ನನ್ನ ಕಡೆ ನೋಡಲಿಲ್ಲ. ತಾಯಿಯ ಬಳಿ ಕೂತು, ಆ ಮಡಚಲಾರದ ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅವ್ವಾ, ಇಷ್ಟ ವರ್ಷ ನಾ ನಿನಗ ಬೈದ್ನಲ್ಲಬೇ" ಎಂದು ಬಿಕ್ಕಿ ಬಿಕ್ಕಿ ಅಳತೊಡಗಿದಳು. ತಾಯಿ ಅವಳ ತಲೆ ಸವರುತ್ತಿದ್ದಳು. ನನಗೆ ಯಾರೂ ಕೂಡ್ರಿ ಅನ್ನಲಿಲ್ಲ, ಹೋಗ್ರಿ ಅನ್ನಲಿಲ್ಲ.